ಅನೂಪ್ ಮಾರಲೊಪ್ಪದ ರಂದಾ ಮಷಿನ್

"ಈ ಮಷಿನ್ ನಿಮಗೆ ಕೊಡಲ್ಲ!"

ಹರ್ಷಿಣಿ ಬೆಚ್ಚಿಬಿದ್ದಳು. ಅವಳ ಕೈ ಇನ್ನೂ ಹಲಗೆ ಹೆರೆದು ನುಣುಪು ಮಾಡುವ ಆ ದೊಡ್ಡ ರಂದಾ ಮಷಿನ್ ಮೇಲೇ ಇತ್ತು.

ಗ್ರೇಟರ್ ನೋಯ್ಡಾದಿಂದ ರೋಹಿಣಿವರೆಗೆ ಎರಡು ಗಂಟೆ ಟ್ರಾಫಿಕ್‌ನಲ್ಲಿ ಬಂದದ್ದು ಈ ಮಾತು ಕೇಳೋಕಾ?

"ಮಾರಾಟಕ್ಕಿದೆ ಅಂತ ಆನ್‌ಲೈನ್‌ನಲ್ಲಿ ಹಾಕಿದ್ದು ನೀವೇ ಅಲ್ವಾ?"

"ನಾನಲ್ಲ, ನನ್ನ ತಮ್ಮ ಕಿಶನ್. ನನಗೆ ಹೇಳದೆ ಹಾಕಿದಾನೆ. ಸಾರಿ..."

ಅವನ ಹೆಸರು ಅನೂಪ್. ದೆಹಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದವನು. ಮನೆಯ ಹಿಂದಿನ ಶೆಡ್‌ನಲ್ಲಿ ಕುರ್ಚಿ, ಮೇಜು ಮಾಡುತ್ತಿದ್ದ. ಹತ್ತು ನಿಮಿಷದ ಹಿಂದಷ್ಟೇ ಅವಳ ಕನ್ನಡ ಕೇಳಿ ಅವನ ಮುಖ ಅರಳಿತ್ತು. ಅವಳು ತೋರಿಸಲೆಂದು ತಂದಿದ್ದ ಶೀಶಮ್ ಮರದ ತುಂಡಿನ ಮೇಲೆ ಮೆಲ್ಲಗೆ ಬೆರಳಾಡಿಸಿ, "ಅರೇ, ಎಷ್ಟು ನುಣುಪಾಗಿ ಮಾಡಿದೀರಿ!" ಅಂದಿದ್ದ. ಆ ಕ್ಷಣ ಅವಳ ಎದೆ ಯಾಕೋ ಒಮ್ಮೆ ಜೋರಾಗಿ ಬಡಿದುಕೊಂಡಿತ್ತು.

ಆಮೇಲೆ ಅವನು ಕೇಳಿದ್ದು ಒಂದೇ ಪ್ರಶ್ನೆ. "ಮಷಿನ್ ಮುಂದೆ ಯಾರು ನಿಲ್ತಾರೆ?"

"ನಾನೇ."

ಅಷ್ಟೇ! ಅರಳಿದ್ದ ಮುಖ ಕಲ್ಲಾಗಿತ್ತು.

ಹೆಣ್ಣು ಅಂತ ತಾನೇ... ಹರ್ಷಿಣಿಗೆ ಮೈಯೆಲ್ಲ ಉರಿಯಿತು. ಮರಗೆಲಸ ಅಂದಾಗ ಆಫೀಸ್‌ನಲ್ಲಿ ನಕ್ಕಿದ್ದರು, ಮರದ ಅಂಗಡಿಯವನೂ ನಕ್ಕಿದ್ದ. ಇವನೂ ಅದೇ ಸಾಲಿಗೆ ಸೇರಿದವನೇ?

"ನಾಲ್ಕು ವರ್ಷದಿಂದ ನಮ್ಮನೆ ಗ್ಯಾರೇಜಲ್ಲಿ ಮರಗೆಲಸ ಮಾಡ್ತಿದೀನಿ, ಗೊತ್ತಾ? ಹಾಸ್ಟೆಲ್ ಒಂದಕ್ಕೆ ಆರು ಊಟದ ಮೇಜು ಕೊಡಬೇಕು. ಹಲಗೆ ಹದಿನಾರು ಇಂಚು ಅಗಲ ಇದೆ, ನನ್ನ ಚಿಕ್ಕ ಮಷಿನ್‌ಗೆ ಹನ್ನೆರಡರ ಮೇಲೆ ಹಿಡಿಸಲ್ಲ. ಇದು ನನ್ನ ಮೊದಲ ದೊಡ್ಡ ಆರ್ಡರ್!"

ಅನೂಪ್ ತಲೆ ತಗ್ಗಿಸಿದ. "ಹಲಗೆ ಇಲ್ಲಿಗೆ ತನ್ನಿ. ನಾನು ಕೈ ರಂದಾದಲ್ಲಿ ಮಾಡಿಕೊಡ್ತೀನಿ."

"ನಿಮ್ಮ ದಯೆ ಬೇಕಿಲ್ಲ!"

ಅವಳು ಹಿಂತಿರುಗಿ ನೋಡದೆ ಹೊರಟುಬಿಟ್ಟಳು.

ಸಂಜೆ ಅವನ ಮೆಸೇಜ್ ಬಂತು. 'ನನ್ನ ಮೇಲೆ ಕೋಪ ಮಾಡಿ. ಆದರೆ ಹಲಗೆ ತನ್ನಿ, ಪ್ಲೀಸ್.'

ಅವಳು ಉತ್ತರಿಸಲಿಲ್ಲ. ಆದರೆ ನಾಲ್ಕು ಸಲ ಓದಿದಳು. ಛೇ, ಯಾಕೆ ಓದ್ತಿದೀನಿ ನಾನು?

ಹತ್ತು ದಿನದ ನಂತರ ಕಿಶನ್ ಫೋನ್ ಮಾಡಿದ.

"ಹರ್ಷಿಣಿಯವರೇ, ಅಣ್ಣ ಜೈಪುರಕ್ಕೆ ಹೋಗಿದಾನೆ. ಆ ಮಷಿನ್ ನೋಡಿ ನೋಡಿ ಅವನು ಕೊರಗ್ತಾನೆ. ನೀವು ಬಂದು ತಗೊಂಡು ಹೋಗ್ಬಿಡಿ."

ಕೊರಗು ಯಾಕೆ ಅಂತ ಕೇಳಬೇಕಿತ್ತು... ಕೇಳಲಿಲ್ಲ. ಮೇಜುಗಳ ಗಡುವಿಗೆ ಮೂರೇ ವಾರ ಉಳಿದಿತ್ತು. ಮರುದಿನವೇ ಟೆಂಪೊ ತಂದು, ಕಿಶನ್ ಕೈಗೆ ದುಡ್ಡು ಕೊಟ್ಟು, ನಾಲ್ಕು ಜನರಿಂದ ಎತ್ತಿಸಿ ಮಷಿನ್ ಸಾಗಿಸಿದಳು.

ಭಾನುವಾರ ಬೆಳಿಗ್ಗೆ. ಕಿವಿಗೆ ಸದ್ದು ತಡೆಯುವ ಮುಚ್ಚಳ ಹಾಕಿಕೊಂಡು ಹರ್ಷಿಣಿ ಸ್ವಿಚ್ ಒತ್ತಿದಳು. ಗ್ಯಾರೇಜ್ ಗಡಗಡ ನಡುಗಿತು. ಮೊದಲ ಹಲಗೆ ಎತ್ತಿ ಮಷಿನ್ ಬಾಯಿಗೆ ಕೊಟ್ಟಳು. ರೋಲರ್ ಅದನ್ನು ಒಳಕ್ಕೆ ಎಳೆದುಕೊಂಡಿತು.

ಬೆಂಚಿನ ಮೇಲೆ ಫೋನ್ ಮಿನುಗುತ್ತಲೇ ಇತ್ತು. ಅವಳು ನೋಡಲಿಲ್ಲ.

ಯಾರೋ ಗೇಟಿನಿಂದ ಓಡಿ ಬಂದರು. ಅನೂಪ್! ಅವನ ಬಾಯಿ ಏನೋ ಕೂಗುತ್ತಿತ್ತು, ಒಂದಕ್ಷರವೂ ಕೇಳಲಿಲ್ಲ. ಅವನು ಅವಳ ತೋಳು ಹಿಡಿದು ಬಲವಾಗಿ ಪಕ್ಕಕ್ಕೆ ಎಳೆದ. ಇಬ್ಬರೂ ನೆಲಕ್ಕೆ ಬಿದ್ದರು.

ಢಣ್!

ಒಳಗೆ ಹೋಗಿದ್ದ ಹಲಗೆ ಗುಂಡಿನ ಹಾಗೆ ಹಿಂದಕ್ಕೆ ಚಿಮ್ಮಿ ಗೋಡೆಗೆ ಬಡಿದಿತ್ತು. ಅವಳ ಹೊಟ್ಟೆ ಇದ್ದ ಎತ್ತರಕ್ಕೆ ಸರಿಯಾಗಿ ಗೋಡೆಯ ಗಾರೆ ಕಿತ್ತು ಬಂದಿತ್ತು.

ಅನೂಪ್ ಎದ್ದು ಮೇನ್ ಆಫ್ ಮಾಡಿದ. ಆಮೇಲೆ ಅಲ್ಲೇ ಕುಸಿದು ಕೂತ.

"ಏಟಾಯ್ತಾ? ಹೇಳಿ, ಏಟಾಯ್ತಾ?"

"ಇಲ್ಲ..." ಅವಳು ಗೋಡೆಯ ಕಡೆ ನೋಡಿದಳು. "ಇದು... ಹೇಗೆ?"

"ಹಲಗೆ ಹಿಂದಕ್ಕೆ ಚಿಮ್ಮದ ಹಾಗೆ ಹಿಡಿಯೋಕೆ ಬಾಯಲ್ಲಿ ಕಬ್ಬಿಣದ ಹಲ್ಲುಗಳ ಸಾಲು ಇರುತ್ತಲ್ಲ, ಅದು ಇದರಲ್ಲಿಲ್ಲ. ಮರದ ಅಂಟು ಕೂತು ಪದೇ ಪದೇ ಸಿಕ್ಕಿಕೊಳ್ತಿತ್ತು. ಎರಡು ವರ್ಷದ ಹಿಂದೆ, ಕೆಲಸ ಬೇಗ ಆಗಲಿ ಅಂತ ನಾನೇ ಬಿಚ್ಚಿಟ್ಟೆ." ಅನೂಪ್ ಕಣ್ಣು ಮುಚ್ಚಿಕೊಂಡ. "ಮರುದಿನ ಕಿಶನ್ ಅದರ ಮುಂದೆ ನಿಂತ. ಹಲಗೆ ಹೊಟ್ಟೆಗೆ ಬಡೀತು. ಹನ್ನೆರಡು ದಿನ ಐಸಿಯುನಲ್ಲಿದ್ದ. 'ಮಷಿನ್ ಮುಂದೆ ನಾನೇ' ಅಂತ ನೀವು ಅಂದಾಗ, ಅವನು ನಿಂತಿದ್ದ ಜಾಗದಲ್ಲಿ ನೀವು ಕಂಡ್ರಿ. ಬೆಳಿಗ್ಗೆ ಜೈಪುರದಿಂದ ಬಂದು ನೋಡಿದ್ರೆ ಮಷಿನ್ ಇಲ್ಲ, ನೀವು ಫೋನ್ ಎತ್ತಲಿಲ್ಲ, ಕಿಶನ್ ಹತ್ರ ವಿಳಾಸ ತಗೊಂಡು ಓಡಿ ಬಂದೆ."

ಹೆಣ್ಣು ಅಂತ ಅಲ್ಲ... ಭಯಕ್ಕೆ!

"ಅವತ್ತೇ ಹೇಳಬಹುದಿತ್ತಲ್ಲ?"

"ನಾಚಿಕೆ..."

"ಕಿಶನ್‌ಗೆ ಗೊತ್ತಿದ್ದೂ ನನಗೆ ಮಾರಿದ್ನಾ?"

ಅನೂಪ್ ಮುಖ ಆಚೆ ತಿರುಗಿಸಿದ.

"ಹೇಳಿ!"

"ಅವನಿಗೆ ಗೊತ್ತಿಲ್ಲ. ತಾನೇ ಹಲಗೆ ತಪ್ಪಾಗಿ ಕೊಟ್ಟೆ ಅಂದ್ಕೊಂಡಿದಾನೆ, ಇವತ್ತಿಗೂ."

ಹರ್ಷಿಣಿ ಎದ್ದು ನಿಂತಳು.

"ಮಷಿನ್ ಬಾಯಿ ನೋಡದೆ ಸ್ವಿಚ್ ಒತ್ತಿದ್ದು ನನ್ನ ತಪ್ಪೂ ಹೌದು. ಆದ್ರೆ ನಿಮ್ಮ ಮೌನ ಇನ್ನೊಬ್ಬರ ಜೀವ ತೆಗೀತಿತ್ತು ಅನೂಪ್! ಮೊದಲು ತಮ್ಮನಿಗೆ ನಿಜ ಹೇಳಿ. ಅಲ್ಲೀವರೆಗೆ ನನ್ನ ಮುಂದೆ ಬರಬೇಡಿ."

"ಹೇಳಿದ್ರೆ ಅವನು ನನ್ನ ಬಿಟ್ಟು ಹೋಗ್ತಾನೆ."

"ಹೋಗಬಹುದು."

ಅವನು ಹೋದ.

ಒಂದು ದಿನ. ಮೂರು ದಿನ. ಒಂದು ವಾರ. ಫೋನ್ ಇಲ್ಲ, ಮೆಸೇಜ್ ಇಲ್ಲ. ಹರ್ಷಿಣಿ ಹಾಸ್ಟೆಲ್‌ನವರನ್ನು ಬೇಡಿಕೊಂಡು ಇನ್ನೆರಡು ವಾರ ಪಡೆದಳು. ಆಫೀಸ್ ಮುಗಿಸಿ ಬಂದು, ಹಲಗೆಗಳನ್ನು ಕೈ ರಂದಾದಲ್ಲೇ ಉಜ್ಜುತ್ತ ಕೂತಳು. ಅಂಗೈಯಲ್ಲಿ ಬೊಬ್ಬೆಗಳೆದ್ದವು.

ಜೀವ ಉಳಿಸಿದವನನ್ನೇ ಹೊರಗೆ ಕಳಿಸಿದೆನಾ? ಇಲ್ಲ, ಸರಿಯಾಗೇ ಹೇಳಿದೆ... ಮತ್ತೆ ಪ್ರತಿ ಬೈಕ್ ಸದ್ದಿಗೂ ಗೇಟ್ ಕಡೆ ಯಾಕೆ ನೋಡ್ತಿದೀನಿ?

ಹನ್ನೊಂದನೆಯ ದಿನ ಗೇಟ್ ಸದ್ದಾಯಿತು. ಅನೂಪ್ ನಿಂತಿದ್ದ, ಕೈಯಲ್ಲಿ ಭಾರದ ಚೀಲ. ಹಿಂದೆ ಅವನ ತಮ್ಮ ಕಿಶನ್.

"ಆರು ದಿನ ನನ್ನ ಜೊತೆ ಮಾತಾಡಲಿಲ್ಲ," ಅಂದ ಅನೂಪ್ ಮೆಲ್ಲಗೆ.

"ಏಳು!" ಕಿಶನ್ ಮುಖ ಇನ್ನೂ ಬಿಗಿಯಾಗಿಯೇ ಇತ್ತು. "ಪೂರ್ತಿ ಮಾಫ್ ಮಾಡಿಲ್ಲ. ಆದ್ರೆ ಎರಡು ವರ್ಷ ನನ್ನ ಕೈಯನ್ನೇ ಬೈಕೊಂಡಿದ್ದೆ. ಈಗ ನಿದ್ದೆ ಬರ್ತಿದೆ. ಮೇಡಂ, ಗೊತ್ತಿಲ್ಲದೆ ನಿಮಗೆ ಮಾರಿಬಿಟ್ಟೆ. ಕ್ಷಮಿಸಿ." ಅವನು ಚಾಯ್ ತರುವ ನೆಪ ಹೇಳಿ ಹೊರಟುಹೋದ.

ಚೀಲದಲ್ಲಿ ಹೊಸದಾಗಿ ಮಾಡಿಸಿದ ಕಬ್ಬಿಣದ ಹಲ್ಲುಗಳಿದ್ದವು. ಇಬ್ಬರೂ ಸೇರಿ ಒಂದೊಂದನ್ನೇ ಜೋಡಿಸಿದರು. ಹರ್ಷಿಣಿ ಪ್ರತಿಯೊಂದನ್ನೂ ಬೆರಳಿನಿಂದ ಎಳೆದು ಪರೀಕ್ಷಿಸಿದಳು. ಸ್ವಿಚ್ ಹತ್ತಿರ ಹೋದ ಅನೂಪ್ ಅದನ್ನು ಒತ್ತದೆ ಕೈ ಹಿಂದಕ್ಕೆ ತೆಗೆದ.

"ಬಿಡಿ, ನಾನು ಹಾಕ್ತೀನಿ."

"ಪಕ್ಕಕ್ಕೆ ನಿಲ್ಲಿ..."

"ನಿಂತಿದೀನಿ. ನೀವೂ ಬನ್ನಿ."

ಮಷಿನ್ ಗರ್ಜಿಸಿತು. ಹಲಗೆ ಒಳಗೆ ಹೋಯಿತು. ಇಬ್ಬರೂ ಉಸಿರು ಬಿಗಿಹಿಡಿದರು. ಒಂದು ಅಡಿ... ಎರಡು... ನಡುವೆ ಒಮ್ಮೆ ಹಲಗೆ ಅದುರಿತು. ಅನೂಪ್ ಅವಳ ಕೈ ಹಿಡಿದುಬಿಟ್ಟ. ಕಬ್ಬಿಣದ ಹಲ್ಲುಗಳು ಕಚ್ಚಿ ಹಿಡಿದವು. ಹಲಗೆ ಮುಂದೆ ಸರಿದು, ಆಚೆ ಬದಿಯಿಂದ ನುಣ್ಣಗೆ ಹೊರಬಂತು.

ಮಷಿನ್ ನಿಂತಿತು. ಅವನು ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಇನ್ನೂ ಏನಾದ್ರೂ ಮುಚ್ಚಿಟ್ಟಿದೀರಾ?" ಅವಳು ಕೇಳಿದಳು.

"ಒಂದಿದೆ..." ಅವನು ಅವಳ ಅಂಗೈಯ ಬೊಬ್ಬೆಗಳನ್ನು ನೋಡುತ್ತ ಹೇಳಿದ. "ನನಗೆ... ನೀವಂದ್ರೆ ತುಂಬಾ ಇಷ್ಟ. ಪ್ರೀತಿಸ್ತೀನಿ ನಿಮ್ಮನ್ನ."

ಹರ್ಷಿಣಿಯ ಕಣ್ಣು ತುಂಬಿ ಬಂತು, ನಗುವೂ ಬಂತು.

"ಪ್ರೀತಿ ಹೇಳೋವಾಗ್ಲೂ ಯಾರಾದ್ರೂ 'ನೀವು' ಅಂತಾರಾ?"

"ಮತ್ತೆ... ಹೇಗೆ ಹೇಳಬೇಕು?"

"'ನೀನು' ಅನ್ನಬೇಕು."

"ನೀನು..."

"ಹ್ಞೂಂ. ಈಗ ಪೂರ್ತಿ ಹೇಳು."