ಕುಜನ ಊರಿನ ಚಿತ್ರ

ಹುಡುಗಿ ನೋಡಲು ಬಂದ ಹುಡುಗ ಟಿವಿ ನೋಡುತ್ತ ಕೂತಿದ್ದ.

ಮಾನಸಿ ಕಾಫಿ ಲೋಟ ಮುಂದೆ ಹಿಡಿದಳು. ಮಧ್ವರಾಜ ಕೈ ಚಾಚಿದನೇ ಹೊರತು ಕಣ್ಣು ಕದಲಿಸಲಿಲ್ಲ. ಡೊಂಬಿವಲಿಯ ಆ ಚಿಕ್ಕ ಹಾಲ್‌ನಲ್ಲಿ ಎರಡೂ ಮನೆಯವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತಿದ್ದರು. ಟಿವಿಯಲ್ಲಿ ನೀಲಿ ಅಂಗಿಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿಯುತ್ತಿದ್ದರು.

ಅವನ ಕಣ್ಣಲ್ಲಿ ನೀರು. "ಇಳೀತು..." ಎಂದ ತನ್ನಷ್ಟಕ್ಕೆ. ಆಮೇಲೆ ತಟ್ಟನೆ ಅವಳತ್ತ ತಿರುಗಿ, ಮಗುವಿನ ಹಾಗೆ ನಕ್ಕ.

"ನಿಮಗೆ ಮಂಗಳ ಗ್ರಹದ ಬಗ್ಗೆ ಎಂತಾದ್ರೂ ಗೊತ್ತುಂಟಾ?"

ಪಾಪ, ಯಾರನ್ನು ಕೇಳಬಾರದೋ ಅವಳನ್ನೇ ಕೇಳಿದ್ದ!

ಮಾನಸಿಗೆ ಕುಜದೋಷ. ಕುಜನೆಂದರೆ ಇದೇ ಮಂಗಳ. ಅವನಿಂದ ಗಂಡನ ಆಯುಸ್ಸಿಗೆ ಕುತ್ತು ಎಂದು ಜೋಯಿಸರು ಹೇಳಿದ ಮೇಲೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗಿದ್ದವು. ಈ ಸಲ ತಾಯಿ ರಮಾಮಣಿ ಮಗಳು ಹುಟ್ಟಿದ ಹೊತ್ತನ್ನೇ ತಿದ್ದಿ ಜಾತಕ ಕಳಿಸಿದ್ದರು. ಆ ಸುಳ್ಳು ಮಾನಸಿಯನ್ನು ಒಳಗೊಳಗೇ ಚುಚ್ಚುತ್ತಿತ್ತು.

'ಇವನಿಗೆ ಎಲ್ಲ ಗೊತ್ತಾಗಿದೆ. ಅಣಕಿಸುವುದಕ್ಕೇ ಬಂದಿದ್ದಾನೆ...'

"ಗೊತ್ತುಂಟು. ನನ್ನ ಜಾತಕದಲ್ಲೇ ಕೂತಿದ್ದಾನಲ್ಲ," ಎಂದಳು. "ಹೊತ್ತು ತಿದ್ದಿದ್ದು ಗೊತ್ತಾಗಿದ್ರೆ ಬರುದು ಬೇಡ ಇತ್ತು. ಎಲ್ಲರೆದುರು ಹೀಗೆ ಕೇಳ್ಬೇಕಿತ್ತಾ?"

ಅವನ ಮುಖ ಪೆಚ್ಚಾಯಿತು. ಅವನಿಗೆ ಏನೂ ಗೊತ್ತಿರಲಿಲ್ಲ ಎಂಬುದು ಆ ಮುಖ ನೋಡಿದ ಮೇಲೆ ಅವಳಿಗೆ ಹೊಳೆಯಿತು. ಅಷ್ಟರಲ್ಲಿ ಅವನ ತಾಯಿ ವೇದಾವತಿ ಎದ್ದು ಚಪ್ಪಲಿ ಹುಡುಕುತ್ತಿದ್ದರು.

ಸಂಬಂಧ ಮುರಿಯುವುದು ಮಾನಸಿಗೆ ಹೊಸದಲ್ಲ. ಆದರೆ ಈ ಸಲ ಆ ನಗುವೊಂದು ಮನಸ್ಸು ಬಿಟ್ಟು ಹೋಗಲೊಲ್ಲದು. ಇನ್ನು ಯಾರೆದುರೂ ಕೂರುವುದಿಲ್ಲ ಎಂದು ತಾಯಿಗೆ ಹೇಳಿಬಿಟ್ಟಳು.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ, ಮಾನಸಿ ದಿನಾ ಹತ್ತುವ ಲೇಡೀಸ್ ಡಬ್ಬಿ ನಿಲ್ಲುವ ಜಾಗದಲ್ಲಿ, ಮಧ್ವರಾಜ ಕಾಯುತ್ತಿದ್ದ. ಕಲ್ಯಾಣದಿಂದ ಠಾಣೆಯ ಕಾಲೇಜಿಗೆ ಪಾಠ ಮಾಡಲು ಹೋಗುವವನು ನಡುವೆ ಇಳಿದುಬಿಟ್ಟಿದ್ದ.

"ಆವತ್ತು ಮಂಗಳನ ಮೇಲೆ ಒಂದು ಗಾಡಿ ಇಳೀತು. ಆರು ಚಕ್ರದ್ದು, ಡ್ರೈವರ್ ಇಲ್ಲ. ಅದನ್ನೇ ಹೇಳುವಾಂತ ಇದ್ದೆ," ಎಂದು ಮೊಬೈಲ್ ಮುಂದೆ ಹಿಡಿದ.

ಕಂದು ನೆಲ. ಪುಡಿಗಲ್ಲು. ಚಕ್ರದ ಗುರುತು. ದೂರದಲ್ಲಿ ಒಂದು ಗುಡ್ಡ, ಬೇಸಿಗೆಯಲ್ಲಿ ಬದಲಾಪುರದಾಚೆ ಕಾಣುವಂಥದ್ದೇ.

ಜನ ಅವಳನ್ನು ತಳ್ಳಿಕೊಂಡು ಹೋದರು. ಅವಳು ಕದಲಲಿಲ್ಲ. ಇಷ್ಟು ವರ್ಷ ಹೆದರಿಸಿದವನ ಊರನ್ನು ಕಣ್ಣಾರೆ ನೋಡುತ್ತಿದ್ದಳು. ಅಲ್ಲಿ ಯಾರೂ ಇರಲಿಲ್ಲ. ಮನುಷ್ಯರು ಮಾಡಿದ ಬಂಡಿಯೊಂದು ಒಂಟಿಯಾಗಿ ಕಲ್ಲು ನೋಡುತ್ತ ಓಡಾಡುತ್ತಿತ್ತು.

"ಇವನೇನಾ..?"

"ಇವನೇ."

"ಅಷ್ಟು ದೂರದಿಂದ ಫೋಟೋ ಕಳಿಸ್ತದಾ ಅದು?" ಅವಳ ಕಣ್ಣುಗಳು ಅಗಲವಾಗಿದ್ದವು.

"ಕಳಿಸ್ತದೆ." ಅವನು ತಡವರಿಸಿದ. "ಅಮ್ಮ ಇನ್ನೂ ಒಪ್ಪಲಿಲ್ಲ, ಒಪ್ಪಿಸ್ತೇನೆ. ಮನೆಯವರು ಮುಚ್ಚಿಟ್ಟದ್ದನ್ನು ನೀವು ಎಲ್ಲರೆದುರು ಹೇಳಿಬಿಟ್ರಲ್ಲ, ಆವತ್ತೇ ನಿಮ್ಮನ್ನೇ ಮದುವೆ ಆಗ್ಬೇಕು ಅನ್ನಿಸಿತು. ನಿಮಗೆ?"

"ಬೇಡ."

"ನಾನು ಇಷ್ಟ ಇಲ್ವಾ?"

"ಇಷ್ಟ ಇಲ್ಲದಿದ್ರೆ ಹೂಂ ಅಂತಿದ್ದೆ..." ಅವಳು ಮತ್ತೆ ಆ ಫೋಟೋ ನೋಡಿದಳು. "ಬರೀ ಕಲ್ಲೂಂತ ಕಾಣ್ತದೆ. ಆದ್ರೂ ಹೆದರಿಕೆ ಹೋಗುದಿಲ್ಲ. ನಿಮಗೇನಾದ್ರೂ ಆದ್ರೆ ನಾನೆಂತ ಮಾಡ್ಲಿ?"

"ಹೆದರಿಕೆ ಇರಲಿ. ನನಗೂ ಸ್ವಲ್ಪ ಕೊಡಿ ಅದರಲ್ಲಿ."

ಅಷ್ಟರಲ್ಲಿ ಠಾಣೆ ಕಡೆಯ ಫಾಸ್ಟ್ ಲೋಕಲ್ ರೈಲು ಬಂತು. ಬಾಗಿಲ ತುಂಬ ಜನ ನೇತಾಡುತ್ತಿದ್ದರು. ರೂಢಿಯಂತೆ ಅವನ ಕಾಲು ಅತ್ತ ಓಡಿತು. ಮಾನಸಿ ಅವನ ಅಂಗಿಯ ತೋಳು ಹಿಡಿದೆಳೆದಳು.

"ಹೀಗೆ ನೇತಾಡಿಕೊಂಡು ಹೋಗ್ಬಾರದು. ಮದುವೆ ಆಗ್ಬೇಕಾದ್ರೆ ಇದೊಂದು ಮಾತು ಕೊಡ್ಬೇಕು."

"ಕ್ಲಾಸಿಗೆ ಲೇಟ್ ಆಗ್ತದೆ..."

"ಆಗಲಿ."

ಅವನು ಅವಳನ್ನು ನೋಡಿದ. ಗಾಡಿ ಹೊರಟುಹೋಯಿತು.

"ಮಾತು ಕೊಟ್ಟೆ," ಎಂದ ಮೆಲ್ಲಗೆ. "ಮುಂದಿನದರಲ್ಲೂ ಜನರ ಗರ್ದಿ ಇದ್ರೆ?"

"ಅದನ್ನೂ ಬಿಡಿ," ಎಂದಳು ಮಾನಸಿ, ತೋಳು ಬಿಡದೆ.