ಮೇಲಿನದ್ದೆಲ್ಲ ನಿಜ, ಕೆಳಗೆ ಅನ್ನಪೂರ್ಣಳ ಸಹಿ

ಕೇಳಿ ಇಲ್ಲಿ... ಪರ್ಕಳದ ಝೆರಾಕ್ಸ್ ಅಂಗಡಿ ಗೊತ್ತುಂಟಾ? ಅದರ ಹೀರೋ ನಾನು, ಅಖಿಲ್! ಬೇರೆಯವರು ಜಾತಕ ಹಿಡ್ಕೊಂಡು ಜೋಡಿ ಕೂಡಿಸ್ತಾರೆ. ನಾನು ಒಂದೇ ಒಂದು ಸಿವಿ ಪ್ರಿಂಟ್ ಹೊಡೆದು ಕೂಡಿಸಿದವನು! ಪ್ಲಾನ್ ನಂದು, ಸ್ಕ್ರೀನ್‌ಪ್ಲೇ ನಂದು. ಹೀರೋಯಿನ್ ಅಳುವುದು ಮಾತ್ರ ಸ್ಕ್ರಿಪ್ಟಲ್ಲಿ ಇರಲಿಲ್ಲ ಮಾರಾಯ್ರೆ...

ಸೀನ್ ಒಂದು. ಮಣಿಪಾಲದ ಒಂದು ಕಣ್ಣಿನ ಆಸ್ಪತ್ರೆ.

ಹೆಲ್ಪ್ ಡೆಸ್ಕ್ ಎದುರು ಅನ್ನಪೂರ್ಣ ನಿಂತಿದ್ದಳು. ಇಲ್ಲಿ ಕೆಲಸ ಸಿಕ್ಕಿದರೆ ಅವ್ವ ತಲೆ ಮೇಲೆ ಜಲ್ಲಿ ಹೊರುವುದು ನಿಲ್ಲುತ್ತದೆ. ಸಿಗದಿದ್ದರೆ... ಅಲ್ಲಿಂದ ಮುಂದಕ್ಕೆ ಅವಳು ಯೋಚಿಸಿರಲೇ ಇಲ್ಲ.

ಡೆಸ್ಕಿನ ಹಿಂದೆ ಜೋವಿನ್. ಕುಕ್ಕುಂದೂರಿನ ಹುಡುಗ. ಬಂದ ಸಿವಿಗಳನ್ನು ಮೊದಲು ನೋಡುವವನು ಅವನೇ. ಅವಳದ್ದನ್ನು ಓದುತ್ತಾ ಓದುತ್ತಾ ಅವನ ಮುಖ ಅರಳಿತು. ಕೊಂಕಣಿಯಲ್ಲಿ ಪಟಪಟ ಏನೋ ಕೇಳಿದ.

ಅನ್ನಪೂರ್ಣ ಪಿಳಿಪಿಳಿ ನೋಡಿದಳು.

ಅವನು ಮತ್ತೆ ಕೇಳಿದ, ನಿಧಾನವಾಗಿ.

'ಅಯ್ಯೋ... ಇವನು ನನ್ನ ಹತ್ತಿರವೇ ಮಾತಾಡ್ತಿರುವುದಾ?'

“ನನಗೆ ಕೊಂಕಣಿ ಬರುವುದಿಲ್ಲ ಸರ್.”

“ಬರುವುದಿಲ್ವಾ? ಓದಲು, ಬರೆಯಲು ಸಹ ಬರ್ತದೆ ಅಂತ ಉಂಟಲ್ಲ ಇಲ್ಲಿ! ಕಾರ್ಕಳದ ಚರ್ಚಿನ ಕೊಯರ್‌ನಲ್ಲಿ ನಾಲ್ಕು ವರ್ಷ ಹಾಡಿದ್ದೀರಂತೆ. ಆ ಕೊಯರ್‌ಗೆ ಎಂಟು ವರ್ಷದಿಂದ ಗಿಟಾರ್ ಬಾರಿಸುವುದು ನಾನು. ನಿಮ್ಮನ್ನು ಒಂದು ದಿನವೂ ಕಂಡದ್ದಿಲ್ಲ ಮಾರಾಯ್ರೆ!”

ಚರ್ಚ್? ಕೊಯರ್? ಅವಳು ಡೆಸ್ಕಿನ ಮೇಲೆ ಬಗ್ಗಿ ನೋಡಿದಳು.

“ಕೆಳಗೆ ನೋಡಿ. 'ಮೇಲಿನದ್ದೆಲ್ಲ ನಿಜ' ಅಂತ ಬರೆದು ಸಹಿ ಉಂಟು. ಯಾರದ್ದು?”

ಅವಳದ್ದೇ! ಇಂಗ್ಲಿಷಿನಲ್ಲಿದ್ದ ಎರಡು ಪುಟ. ನನ್ನೆದುರು ತಡವರಿಸಿ ಓದಲು ನಾಚಿಕೆಯಾಗಿ, ಓದದೆಯೇ ಸಹಿ ಹಾಕಿದ್ದಳು. ನನಗೆ ಅವಳು ಹೇಳಿದ್ದು ಇಷ್ಟೇ: “ಅಖಿಲಣ್ಣ, ಅವ್ವನ ಗಾರೆ ಕೆಲಸ, ನಾವಿರುವ ಕೂಲಿಯವರ ಶೆಡ್ಡು, ನಮ್ಮ ಉತ್ತರ ಕರ್ನಾಟಕದ ಮಾತು ಯಾವುದೂ ಬೇಡ. ಚೆಂದ ಕಾಣಬೇಕು.”

“ನಾನು ಸುಳ್ಳಿ ಅಲ್ಲ ಸರ್...” ಅವಳು ಬಾಗಿಲ ಕಡೆ ತಿರುಗಿದಳು.

ಅಷ್ಟರಲ್ಲಿ ಒಳಗಿನಿಂದ ಒಂದು ಕೂಗು!

“ನನ್ನ ಕಣ್ಣ ಹೋದ್ವಲ್ಲೋ ಯಪ್ಪಾ! ಬರೂವಾಗ ಕಾಣತಿದ್ವು, ಇವ್ರು ಹನಿ ಹಾಕಿದ ಮ್ಯಾಲ ಎಲ್ಲಾ ಮಸಕ!”

ಹಾವೇರಿ ಕಡೆಯಿಂದ ಬಂದಿದ್ದ ರೇವಪ್ಪಜ್ಜ ಗೋಡೆ ತಡವುತ್ತಿದ್ದ. ಜೋವಿನ್ ಓಡಿದ. “ಅಜ್ಜ, ಅದು ಪರೀಕ್ಷೆಗೆ ಹಾಕಿದ ಔಷಧಿ. ಎಂತ ಆಗುವುದಿಲ್ಲ, ಕೂತುಕೊಳ್ಳಿ...” ಅಜ್ಜ ಅವನ ಕೈ ಕೊಡವಿದ.

ಅನ್ನಪೂರ್ಣಳ ಕಾಲು ತನ್ನಷ್ಟಕ್ಕೇ ವಾಪಸ್ ಬಂತು.

“ಯಜ್ಜಾ, ಹೆದರಬ್ಯಾಡ. ಡಾಕ್ಟರ್ ಕಣ್ಣಿನ ಒಳಗ ಇಣುಕಬೇಕಲ್ಲ, ಅದಕ್ಕ ಬಾಗಲಾ ದೊಡ್ಡದು ಮಾಡ್ಯಾರ. ಮೂರ್ನಾಕು ತಾಸಿಗೆ ಮೊದಲಿನಂಗ ಕಾಣತೈತಿ. ನನ್ನ ಕೈ ಹಿಡಕೋ.”

“ಖರೇನಾ ತಂಗಿ?”

“ಖರೇನ ಯಜ್ಜಾ.”

ಅಜ್ಜ ಮಗುವಿನ ಹಾಗೆ ಕೂತ. ಜೋವಿನ್ ಅವಳನ್ನೇ ನೋಡುತ್ತಾ ನಿಂತ. ಸ್ಲೋ ಮೋಷನ್, ಬಿಜಿಎಂ... ಎಲ್ಲ ನೀವೇ ಹಾಕ್ಕೊಳ್ಳಿ!

“ಇದು ಸಿವಿಯಲ್ಲಿ ಯಾಕೆ ಇಲ್ಲ?” ಅಂದ ಅವನು.

ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದ ಮ್ಯಾನೇಜರ್ ಬರ್ತಾ ಮೇಡಂ ಹೇಳಿದರು: “ಶನಿವಾರ ಐದು ಗಂಟೆ ಕೊನೆ. ನಿಜದ್ದು ಒಂದು ತಾ. ಒಂದು ಸಾಲು ಸುಳ್ಳಿದ್ದರೂ ಪುನಃ ಬರುವುದು ಬೇಡ.”

ಸಂಜೆ ಅವಳು ನನ್ನ ಅಂಗಡಿಗೆ ನುಗ್ಗಿದಳು. “ಅಖಿಲಣ್ಣ, ನಾನು ಯಾವಾಗ ಚರ್ಚಿನಲ್ಲಿ ಹಾಡಿದೆ?!”

“ಅದು... ಎಐ ಬರೆದದ್ದು ಮಾರಾಯ್ತಿ!”

ಹಿಂದೆಯೇ ಜೋವಿನ್. ಮನೆಗೆ ಹೋಗುವ ಕಾರ್ಕಳ ಬಸ್ಸಿನಿಂದ ಅವಳನ್ನು ಕಂಡು ಅರ್ಧದಲ್ಲೇ ಇಳಿದು ಬಂದಿದ್ದ. “ಅದಕ್ಕೆ ಬೈಯುವುದು ಬೇಡ. ಕೊಟ್ಟದ್ದನ್ನು ಬರೀತದೆ, ಕೊಡದೆ ಇದ್ರೆ ತುಂಬಿಸಿಕೊಳ್ತದೆ. ನೀನು ಏಳು.”

ನನ್ನ ಕುರ್ಚಿಯಿಂದ ನನ್ನನ್ನೇ ಎಬ್ಬಿಸಿದ! ಹೊಸ ಚಾಟ್ ತೆರೆದು ಟೈಪ್ ಮಾಡಿದ: 'ನಾನು ಹೇಳಿದ್ದು ಮಾತ್ರ ಬರಿ. ಗೊತ್ತಿಲ್ಲದಿದ್ದರೆ ಕೇಳು, ಊಹಿಸಬೇಡ.'

“ಆಧಾರ್ ನಂಬರ್ ಹಾಕ್ಲಾ?” ಅಂತ ಕೇಳಿದೆ.

“ಅದು ಎಂತಕ್ಕೆ ಅದಕ್ಕೆ? ಸುಮ್ನಿರು. ಅನ್ನಪೂರ್ಣ, ಈಗ ಹೇಳಿ. ನಿಜವಾಗಿ ಎಂತ ಮಾಡಿದ್ದೀರಿ?”

“ಏನಿಲ್ಲ... ಶೆಡ್ಡಿನವರಿಗೆ ಹುಷಾರಿಲ್ಲದಾಗ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಚೀಟಿ ಮಾಡಿಸುವುದು, ಡಾಕ್ಟರ್ ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳುವುದು.”

“ಇದು ಏನಿಲ್ಲವಾ?!”

ಎಐ ಚೆಂದ ಮಾಡಿ ಕೊಟ್ಟಿತು. ಜೋವಿನ್ ಹೇಳಿದ ಹಾಗೆ ಅವಳು ಒಂದೊಂದೇ ಸಾಲು ಜೋರಾಗಿ ಓದಿದಳು. ತಡವರಿಸಿದಳು. ಅವನು ನಗಲಿಲ್ಲ.

“'ಅಪಾರ ಅನುಭವ' ಅಂತೆ. ತೆಗೀರಿ. ಎರಡು ವರ್ಷ ಅಷ್ಟೇ.”

ಅವನು ಅಳಿಸಿದ. ಅಳಿಸುವಾಗ ಯಾಕೋ ಅವಳನ್ನೇ ನೋಡಿದ. 'ಬೆಳಿಗ್ಗೆ ಸುಳ್ಳು ಹಿಡಿದವನು ಇವನೇನಾ? ಯಾಕೆ ಹೀಗೆ ಮಾಡ್ತಿದ್ದಾನೆ...'

ಶನಿವಾರ ಸಿವಿ ತಲುಪಿತು. ಸೋಮವಾರ ಇಂಟರ್ವ್ಯೂ. ಜೋವಿನ್ ಸಹ ಕೂರಬೇಕಿತ್ತು, ಒಳಗೆ ನೋಡಿದರೆ ಬರ್ತಾ ಮೇಡಂ ಒಬ್ಬರೇ! ವರಾಂಡದಲ್ಲಿ ಎದುರಾದ ಜೋವಿನ್ ಮುಖ ತಿರುಗಿಸಿ ಹೋಗಿಬಿಟ್ಟ.

ಕೆಲಸ ಸಿಕ್ಕಿತು. ಆದರೆ ಖುಷಿಯ ಮಧ್ಯೆ ಏನೋ ಚುಚ್ಚುತ್ತಿತ್ತು. 'ಅವನು ಮಾಡಿದ್ದೆಲ್ಲ ಬರೀ ಕರುಣೆಯಾ? ಶೆಡ್ಡಿನ ಕಥೆ ಕೇಳಿ ಅಯ್ಯೋ ಪಾಪ ಅಂದದ್ದಾ?'

ಭಾನುವಾರ ಅವನನ್ನು ಕಾಪು ಬೀಚಿಗೆ ಕರೆದಳು. ಲೈಟ್‌ಹೌಸ್ ಕೆಳಗೆ, ಬಂಡೆಯ ಹತ್ತಿರ, ನೇರ ಕೇಳಿಬಿಟ್ಟಳು.

“ಅವತ್ತು ಯಾಕೆ ಒಳಗೆ ಕೂರಲಿಲ್ಲ? ನಮ್ಮಂಥವರ ಜೊತೆ ಕಾಣಿಸಿಕೊಳ್ಳಲು ನಾಚಿಕೆಯಾ?”

ಜೋವಿನ್ ಬೆಚ್ಚಿಬಿದ್ದ. “ಎಂತ ಹೇಳ್ತೀರಿ ಮಾರಾಯ್ರೆ! ಬರ್ತಾ ಮೇಡಂಗೆ ನಾನೇ ಹೇಳಿದೆ, ನನ್ನನ್ನು ಒಳಗೆ ಕೂರಿಸಬೇಡಿ ಅಂತ.”

“ಯಾಕೆ?”

“ನಾನು... ಸರಿಯಾಗಿ ಮಾರ್ಕ್ ಹಾಕುವ ಸ್ಥಿತಿಯಲ್ಲಿ ಇರಲಿಲ್ಲ. ನಿಮ್ಮ ಮೇಲೆ ಮನಸ್ಸು ಆಗಿತ್ತು. ಅಜ್ಜನ ಕೈ ಹಿಡಿದ್ರಲ್ಲ, ಆಗಲೇ. ಎದುರು ಸಿಕ್ಕಿದ್ರೆ ಮುಖದಲ್ಲಿ ಕಾಣ್ತದೆ ಅಂತ ಓಡಿದೆ. ಆ ಕೆಲಸ ಪೂರ್ತಿ ನಿಮ್ಮದೇ ಆಗಬೇಕಿತ್ತು.”

ಅಲೆ ಬಂದು ಪಾದ ತೊಳೆದು ಹೋಯಿತು. ಅವಳ ಕಣ್ಣು ತುಂಬಿತ್ತು... ಹನಿ ಹಾಕದೆಯೇ ಎಲ್ಲ ಮಸುಕು!

“ನನಗೂ...” ಅಂದಳು.

ಜೋವಿನ್ ಮೆಲ್ಲ ಕೇಳಿದ, ಅವಳ ಕಡೆಯ ಮಾತಲ್ಲಿ: “ಖರೇನಾ?”

ಅವಳು ನಕ್ಕು ಅವನ ಕೈ ಹಿಡಿದಳು. “ಖರೇನ ರೀ.”

ಕಟ್!

ಈಗ ನನ್ನ ಸರದಿ. ಪ್ಲಾನೂ ಇಲ್ಲ, ಸ್ಕ್ರೀನ್‌ಪ್ಲೇಯೂ ಇಲ್ಲ. ಅನ್ನಪೂರ್ಣ ಸಿವಿ ಮಾಡಿಸಲು ಬಂದ ದಿನ ಬೆಳಿಗ್ಗೆ ಅದೇ ಕೊಯರಿನ ಆನ್ಸಿಲ್ಲಾಳ ಸಿವಿ ಮಾಡಿದ್ದೆ. ಅದೇ ಚಾಟಲ್ಲಿ ಕೆಳಗೆ ಅನ್ನಪೂರ್ಣಳ ಹೆಸರು ಹಾಕಿ, 'ಭರ್ಜರಿ ಮಾಡು' ಅಂತ ಟೈಪ್ ಮಾಡಿ ಚಾ ಕುಡಿಯಲು ಹೋದೆ. ಆನ್ಸಿಲ್ಲಾಳ ಕೊಂಕಣಿ, ಕೊಯರ್ ಎಲ್ಲ ಇವಳ ಸಿವಿಗೆ ಬಂದು ಕೂತವು. ವಾಪಸ್ ಬಂದವನು ಒಂದು ಸಾಲೂ ಓದಲಿಲ್ಲ. ಪ್ರಿಂಟ್! ನನ್ನ ಸೋಮಾರಿತನಕ್ಕೆ ಒಬ್ಬಳ ಅನ್ನ ಹೋಗುವುದರಲ್ಲಿತ್ತು. ಈಗ ಒಬ್ಬೊಬ್ಬರಿಗೂ ಹೊಸ ಚಾಟ್. ಗಿರಾಕಿ ಓದಿ ಹೂಂ ಅನ್ನದೆ ಬಟನ್ ಮುಟ್ಟುವುದಿಲ್ಲ.

ಅವರಿಬ್ಬರು ಮಾತ್ರ ನನ್ನನ್ನು ಇನ್ನೂ 'ಜೋಡಿ ಕೂಡಿಸಿದವನು' ಅಂತಾರೆ. ಹಾಗಾಗಿ ಇದನ್ನು ಅವರಿಗೂ ಕಳಿಸ್ತಿದ್ದೇನೆ.

ಮೇಲಿನದ್ದೆಲ್ಲ ನಿಜ... ಮೊದಲ ಪ್ಯಾರಾ ಒಂದು ಬಿಟ್ಟು.

ಸಹಿ: ಅಖಿಲ್. ಓದಿಯೇ ಹಾಕಿದ್ದು.