ಗಾದಿ ಸರಿಸಿದ ಸಂಜೆ

ಗಾದಿ ಹೊತ್ತು ತಂದವನೇ ಹೊಸ ಮೇಷ್ಟ್ರು ಎಂದು ಹುಡುಗಿಯರಲ್ಲಿ ಯಾರಿಗೂ ಹೊಳೆಯಲಿಲ್ಲ.

೧೯೫೧ರ ಮಳೆಗಾಲ ಮುಗಿದು ಬಳ್ಳಾರಿಯ ಬಿಸಿಲು ಮತ್ತೆ ಚುರುಕಾಗಿತ್ತು. ಹೆಣ್ಣುಮಕ್ಕಳ ಟ್ರೇನಿಂಗ್ ಸ್ಕೂಲಿನ ಹಿಂದಿನ ಮೈದಾನದಲ್ಲಿ ಅವರೆಲ್ಲ ಸೀರೆಗೆ ಕಚ್ಚೆ ಹಾಕಿಕೊಂಡು ಕಾಯುತ್ತಿದ್ದರು. ಮದರಾಸಿನಲ್ಲಿ ಕಲಿತ ವ್ಯಾಯಾಮದ ಮೇಷ್ಟ್ರು ಬರುತ್ತಾರೆಂದು ದೊಡ್ಡ ಟೀಚರಮ್ಮ ಹೇಳಿದ್ದರು. ಅಷ್ಟರಲ್ಲಿ ಗೇಟಿನ ಮುಂದೆ ಎತ್ತಿನ ಬಂಡಿಯೊಂದು ನಿಂತಿತು. ಅಂಗಿಯ ತೋಳು ಮಡಚಿದ ಯುವಕನೊಬ್ಬ ಹುಲ್ಲು ತುಂಬಿದ ದಪ್ಪ ಗಾದಿಯನ್ನು ಬೆನ್ನ ಮೇಲೆ ಹೊತ್ತು ಒಳಗೆ ಬಂದ.

“ಬಿಸಿಲಾಗ ಬ್ಯಾಡಪ್ಪ, ನೆಳ್ಳಿಗೆ ಹಾಕು,” ಎಂದಳು ವಿರೂಪಮ್ಮ.

ಹಾಕಿದ.

“ಅಯ್ಯ, ಅಲ್ಲಿ ಇರುವಿ ಅದಾವು. ಈ ಕಡಿ ಎಳಿ.”

ಎಳೆದ. ಎಳೆದು ನಿಂತು ಅವಳನ್ನೇ ನೋಡಿದ. “ಇನ್ನೆಲ್ಲಿಗಾರ ಹಾಕ್ಲೇನ್ರಿ?”

“ಸಾಕು, ಇನ್ನ ನೀ ಹೋಗು. ಮೇಷ್ಟ್ರು ಬರೋ ಹೊತ್ತಾತು.”

ಆತ ಹಣೆಯ ಬೆವರು ಒರೆಸಿಕೊಂಡು ಜೇಬಿನಿಂದ ಸೀಟಿ ತೆಗೆದು ಊದಿದ. “ಬಂದೀನಿ. ಸಾಲಾಗಿ ನಿಲ್ರಿ.”

ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ವಿರೂಪಮ್ಮನ ಕಿವಿ ಬಿಸಿಯಾದವು. ಆತ ಮಾತ್ರ ನಗಲಿಲ್ಲ. ಆದರೆ ಸಾಲಿನ ಮುಂದೆ ಹಾದುಹೋಗುವಾಗ ಅವಳ ಎದುರು ಒಂದು ಗಳಿಗೆ ನಿಧಾನಿಸಿ, ಅವಳಿಗಷ್ಟೇ ಕೇಳುವಂತೆ ಅಂದ: “ಇರುವಿ ಹೋದುವೇನ್ರಿ?”

ಹೀಗೆ ಸಿರುಗುಪ್ಪದ ಮರಿಬಸಪ್ಪ ಅವಳ ಬದುಕಿನೊಳಗೆ ಬಂದ.

ಅವನು ಕಲಿಸಿದ್ದು ಊರಿನಲ್ಲಿ ಯಾರೂ ಕಂಡಿರದ ಆಟ. ಕುಸ್ತಿ ಜನಕ್ಕೆ ಗೊತ್ತಿತ್ತು, ಚೆಂಡಾಟ ಗೊತ್ತಿತ್ತು. ಇದಕ್ಕೆ ಬಳ್ಳಾರಿಯಲ್ಲಿ ಹೆಸರೇ ಇರಲಿಲ್ಲ. ಕಾಂಪೌಂಡಿನಾಚೆ ನಿಂತು ಇಣುಕುವವರು ಸರ್ಕಸ್ ಎಂದರು.

“ಸರ್ಕಸ್ ಅಲ್ಲ, ಗುಂಪಿನ ಜಿಮ್ನಾಸ್ಟಿಕ್ಸ್,” ಎಂದು ಮರಿಬಸಪ್ಪ ತಿದ್ದುತ್ತಿದ್ದ. “ಪರದೇಶದಾಗ ಇದಕ್ಕ ಟೀಮು ಅದಾವು. ಇದರಾಗ ಒಬ್ಬಾಕಿ ಗೆಲ್ಲೋದು ಅನ್ನೋದಿಲ್ಲ. ಎಲ್ಲಾರ ಉಸಿರು ಒಂದಾದ್ರ ಆಟ.”

ಮೊದಲು ಎಲ್ಲರೂ ಒಂದೇ ತಾಳಕ್ಕೆ ಬಾಗಿ ಏಳಬೇಕು, ಉರುಳಬೇಕು, ಕೈ ಕೈ ಹಿಡಿದು ಸುತ್ತಬೇಕು. ಕೊನೆಗೆ ಗೋಪುರ. ಕೆಳಗೆ ನಾಲ್ವರು, ಅವರ ಹೆಗಲ ಮೇಲೆ ಇಬ್ಬರು, ತುದಿಯಲ್ಲಿ ತೋಳು ಚಾಚಿ ನಿಲ್ಲುವ ಒಬ್ಬಳು. ತುದಿಗೆ ಹಗುರ ಮೈಯ ಪಾರಮ್ಮ. ನಡುವೆ ಗಾದೆಮ್ಮ ಮತ್ತು ಇನ್ನೊಬ್ಬಳು. ಕುರುಗೋಡಿನ ಹೊಲದಲ್ಲಿ ಹತ್ತಿಮೂಟೆ ಎತ್ತಿ ಬೆಳೆದ ವಿರೂಪಮ್ಮ ಕೆಳಗಿನ ಸಾಲಿನಲ್ಲಿ.

ತನ್ನ ಅಗಲ ಹೆಗಲಿನ ಬಗ್ಗೆ ಅವಳಿಗೆ ಚಿಕ್ಕಂದಿನಿಂದಲೂ ನಾಚಿಕೆ. ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ಓದಿಗಾಗಿ ಅವಳನ್ನು ಮನೆಯಲ್ಲಿ ಇಟ್ಟುಕೊಂಡಿದ್ದ ಸೋದರತ್ತೆ ರವಿಕೆ ಹೊಲಿಸುವಾಗಲೆಲ್ಲ “ಗಂಡಸರ ಅಳತಿ” ಎಂದು ಗೊಣಗುತ್ತಿದ್ದಳು.

ಒಂದು ಸಂಜೆ ಎಲ್ಲರೂ ಹೊರಟ ಮೇಲೆ ಅವಳು ಗಾದಿಯ ಧೂಳು ಕೊಡವುತ್ತಿದ್ದಳು. ಇನ್ನೊಂದು ತುದಿ ಹಿಡಿದ ಮರಿಬಸಪ್ಪ ಕೇಳಿದ, “ನಿನಗ ಮ್ಯಾಲೆ ಏರಬೇಕು ಅನ್ನಸಂಗಿಲ್ಲೇನು?”

“ನನ್ನ ಯಾರು ಹೊರತಾರ್ರಿ? ನೋಡೋ ಮಂದಿ ಪಾರಮ್ಮನ್ನ ನೋಡ್ತಾರ. ನೋಡ್ಲಿ ಬಿಡ್ರಿ.”

“ಮಂದಿ ಮ್ಯಾಲಿನಾಕಿನ್ನ ನೋಡ್ತೈತಿ,” ಎಂದ ಅವನು, ಗಾದಿಯ ಅಂಚಿನ ಮೇಲೆ ಕಣ್ಣಿಟ್ಟು. “ನಾ ಕೆಳಗ ನಿಂತಾಕಿನ್ನ ನೋಡ್ತೀನಿ.”

ಅವಳು ಗಾದಿಯನ್ನು ಕೈಬಿಟ್ಟಳು. ಧೂಳೆದ್ದು ಇಬ್ಬರೂ ಕೆಮ್ಮಿದರು. ಆಮೇಲೆ ನಕ್ಕರು. ಮನೆಗೆ ನಡೆದ ದಾರಿ ಅವಳಿಗೆ ನೆನಪೇ ಇರಲಿಲ್ಲ.

ಶನಿವಾರ ಮಧ್ಯಾಹ್ನ ಬಸ್ ಸ್ಟ್ಯಾಂಡಿನಲ್ಲಿ ಇಬ್ಬರ ಭೇಟಿಯಾಗುತ್ತಿತ್ತು. ಅವಳಿಗೆ ಕುರುಗೋಡಿನ ಬಸ್ಸು, ಅವನಿಗೆ ಸಿರುಗುಪ್ಪದ್ದು. ಒಮ್ಮೆ ಅವನ ಬಸ್ಸು ಬಂದು, ಜನ ತುಂಬಿಕೊಂಡು, ಹೊಗೆಯುಗುಳಿ ಹೊರಟೇ ಹೋಯಿತು. ಅವನು ನಿಂತಲ್ಲೇ ಇದ್ದ.

“ನಿಮ್ಮ ಬಸ್ ಹೋತಲ್ರಿ, ಮೇಷ್ಟ್ರ!”

“ಹೌದೇನು? ನಾ ನೋಡಲಿಲ್ಲ.”

“ಅಷ್ಟು ದೊಡ್ಡ ಬಸ್ಸು ಕಾಣಲಿಲ್ಲೇನ್ರಿ?”

“ನೀ ಅಡ್ಡ ಇದ್ದಿ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ತನ್ನ ಬಸ್ಸು ಇವತ್ತು ತಡವಾಗಿ ಬರಲಿ ಎಂದು ಬೇಡಿಕೊಂಡಳು.

“ಫೆಬ್ರವರಿಯಾಗ ಕೋಟೆ ಮೈದಾನದಾಗ ಜಿಲ್ಲಾ ಕ್ರೀಡಾಕೂಟ ಮುಗೀಲಿ,” ಎಂದ ಅವನು. “ಅಷ್ಟೊತ್ತಿಗೆ ನನ್ನ ನೌಕರಿ ಖಾಯಂ ಆಗತೈತಿ. ಕುರುಗೋಡಿಗೆ ಬರ್ತೀನಿ. ನಿಮ್ಮಪ್ಪನ ಕೂಡ ಮಾತಾಡ್ತೀನಿ. ಬರ್ಲೋ ಬ್ಯಾಡೋ?”

“ಬ್ಯಾಡ ಅಂದ್ರ ಬಿಡ್ತೀರೇನ್ರಿ?”

“ಬಿಡಂಗಿಲ್ಲ.”

“ಮತ್ತ ಯಾಕ ಕೇಳ್ತೀರಿ?”

ಕುಲದ ತಕರಾರು ಇರಲಿಲ್ಲ. ಅಪ್ಪ ಚಿದಾನಂದಪ್ಪ ಮಗಳ ಮಾತು ತೆಗೆದುಹಾಕುವವನಲ್ಲ. ಅಡ್ಡಿ ಎಂಬುದು ಎಲ್ಲಿಂದ ಬರಬೇಕು ಎಂದು ಅವಳು ಹುಡುಕಿದರೂ ಸಿಗಲಿಲ್ಲ.

ಕ್ರೀಡಾಕೂಟ ಹತ್ತಿರವಾಯಿತು. ಒಂದು ಸಂಜೆ ಮರಿಬಸಪ್ಪ ಗಾದಿಯನ್ನು ಪಕ್ಕಕ್ಕೆ ಸರಿಸಿದ.

“ಅವತ್ತು ಕೋಟೆ ಮೈದಾನದಾಗ ಗಾದಿ ಇರಂಗಿಲ್ಲ. ಇವತ್ತ ಅಭ್ಯಾಸ ಆಗ್ಲಿ.”

ವಿರೂಪಮ್ಮ ನೆಲ ನೋಡಿದಳು. ಬಿಸಿಲಿಗೆ ಕಲ್ಲಾದ ನೆಲ. “ಇನ್ನೊಂದು ವಾರ ಹೋಗ್ಲಿ ಬಿಡ್ರಿ, ಮೇಷ್ಟ್ರ. ಪಾರಮ್ಮನ ಕಾಲು ಇನ್ನೂ ನಡುಗತಾವ.”

“ನನ್ನ ಮ್ಯಾಲೆ ನಂಬಿಕಿ ಇಲ್ಲೇನು?” ಎಂದ ಅವನು, ನಗುತ್ತ.

ಆ ನಗುವಿಗೆ ಇಲ್ಲವೆನ್ನಲು ಅವಳಿಗೆ ಆಗಲಿಲ್ಲ. “ನಡೀರಲೇ,” ಎಂದು ಗೆಳತಿಯರನ್ನು ಕರೆದು ತಾನೇ ಮೊದಲು ಮಂಡಿಯೂರಿದಳು.

ಗೋಪುರ ಎದ್ದಿತು. ಪಾರಮ್ಮ ತುದಿಗೇರಿ ತೋಳು ಚಾಚಿದಳು. ಮರುಕ್ಷಣ ಅವಳ ಕಾಲು ಜಾರಿ, ವಿರೂಪಮ್ಮನ ಬೆನ್ನ ಹಿಂದೆ ಒಣ ಕಟ್ಟಿಗೆ ಮುರಿದಂಥ ಸದ್ದಾಯಿತು.

ಪಾರಮ್ಮನ ಬಲಗೈ ಮೊಣಕೈಯ ಬಳಿ ಮುರಿದಿತ್ತು. ಜಟಕಾದಲ್ಲಿ ಆಸ್ಪತ್ರೆಗೆ ಸಾಗಿಸುವಾಗ ವಿರೂಪಮ್ಮನೇ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ನೋವಿಗೆ ಆ ಹುಡುಗಿ ಅತ್ತೆಯನ್ನು, ಅವ್ವನನ್ನು, ಸತ್ತ ಅಜ್ಜಿಯನ್ನು ಕೂಡ ಕರೆದಳು.

ಸ್ಕೂಲಿನ ಕಮಿಟಿ ವಿಚಾರಣೆ ಇಟ್ಟಿತು. ಅದರ ಹಿಂದಿನ ಸಂಜೆ ಮರಿಬಸಪ್ಪ ಅವಳನ್ನು ದಾರಿಯಲ್ಲಿ ನಿಲ್ಲಿಸಿದ. ಅವನ ಮುಖ ಬಿಳಿಚಿಕೊಂಡಿತ್ತು.

“ನಾಳೆ ನೀ ಏನೂ ಮಾತಾಡಬ್ಯಾಡ, ವಿರೂಪಮ್ಮ. ಎಲ್ಲಾ ನಾ ಹೇಳ್ತೀನಿ. ನಿನಗ ಏನೂ ಆಗಾಕ ಬಿಡಂಗಿಲ್ಲ.”

“ನಿಮಗ?”

“ನನ್ನ ಪಾಡು ನನಗಿರ್ಲಿ. ಮಾತಾಡಂಗಿಲ್ಲ ಅಂತ ಮಾತು ಕೊಡು.”

ಅವಳು ಮಾತು ಕೊಟ್ಟಳು. ಮನೆಗೆ ಹೋಗಿ ಅವನಿಗಾಗಿ ಅತ್ತಳು. ನೌಕರಿ ಹೋದರೂ ಚಿಂತೆಯಿಲ್ಲ, ಅಪ್ಪನ ಹೊಲವಿದೆ, ಇಬ್ಬರೂ ದುಡಿದು ತಿಂದರಾಯಿತು ಎಂದು ಲೆಕ್ಕ ಹಾಕಿದಳು.

ಮರುದಿನ ಕಮಿಟಿಯ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಮೇಜಿನ ಹಿಂದೆ ಕುಳಿತಿದ್ದರು, ಪಕ್ಕದಲ್ಲಿ ದೊಡ್ಡ ಟೀಚರಮ್ಮ. ಗೋಡೆಗೆ ಒರಗಿ ವಿರೂಪಮ್ಮ ಒಬ್ಬಳೇ ನಿಂತಿದ್ದಳು, ಉಳಿದ ಹುಡುಗಿಯರನ್ನು ಕರೆದಿರಲಿಲ್ಲ.

“ಗಾದಿ ಇಲ್ದಂಗ ಹುಡುಗ್ಯಾರನ್ನ ಏರಿಸಿದ್ದು ಯಾರಪ್ಪ?” ಅಧ್ಯಕ್ಷರು ಕೇಳಿದರು.

ಮರಿಬಸಪ್ಪ ಗಂಟಲು ಸರಿಮಾಡಿಕೊಂಡ. “ನಾ ಆಗ ಆಫೀಸಿನ ಕಡಿ ಹೋಗಿದ್ದೆ ಸಾರ್. ಗಾದಿ ಇಲ್ದ ಏರಬ್ಯಾಡ್ರಿ ಅಂತ ಹೇಳೇ ಹೋಗಿದ್ದೆ.”

ವಿರೂಪಮ್ಮ ತಲೆಯೆತ್ತಿದಳು.

“ಮತ್ತ?”

“ಟೀಮಿನಾಗ ಈಕಿನಾ ಹಿರಿಯಾಕಿ. ಈಕಿನಾ ಎಲ್ಲಾರನ್ನೂ ಕರಕೊಂಡು ಮಾಡ್ಯಾಳ ಸಾರ್. ಸ್ವಲ್ಪ ಹಟ ಜಾಸ್ತಿ.”

ಅವನು ಅವಳ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡುತ್ತಿದ್ದ. ಅವಳು ಕಾದಳು. ಒಂದು ಸಲ, ಒಂದೇ ಸಲ ಈ ಕಡೆ ತಿರುಗಿದರೆ, ಇದೇನೋ ಉಪಾಯ, ಆಮೇಲೆ ಸರಿಮಾಡುತ್ತಾರೆ ಎಂದು ನಂಬಿಬಿಡುತ್ತಿದ್ದಳು. ಅವನು ತಿರುಗಲಿಲ್ಲ.

“ಖರೇ ಏನವ್ವ?” ತಿಪ್ಪೇರುದ್ರಪ್ಪನವರು ಕೇಳಿದರು.

ಅವಳ ಬಾಯಿ ತೆರೆಯಿತು. ಏನೂ ಬರಲಿಲ್ಲ. ಕೊಟ್ಟ ಮಾತಿಗಾಗಿ ಅಲ್ಲ. ನಾಲಿಗೆಯೇ ಒಣಗಿತ್ತು.

ಸುಮ್ಮನಿದ್ದದ್ದನ್ನೇ ಒಪ್ಪಿಗೆ ಎಂದುಕೊಂಡರು. ಅವಳನ್ನು ಟೀಮಿನಿಂದ ತೆಗೆದರು, ಮತ್ತೆ ಹೇಳಿಕಳಿಸುವವರೆಗೆ ಸ್ಕೂಲಿಗೆ ಬರಬಾರದೆಂದರು. ಹೊರಗೆ ಪಾರಮ್ಮನ ತಾಯಿ ಕಾದಿದ್ದಳು. “ನಿನ್ನ ಕೈ ಮುರಿಯಾ,” ಎಂದು ಎಲ್ಲರೆದುರು ಶಪಿಸಿದಳು. ವಿರೂಪಮ್ಮ ಅದನ್ನೂ ನಿಂತು ಕೇಳಿಸಿಕೊಂಡಳು.

ಕುರುಗೋಡಿಗೆ ಹೋದ ಮೇಲೆ ಅವಳು ಅಪ್ಪನಿಗೆ ರಜೆ ಎಂದಳು. ಬೆಳಗ್ಗೆ ಹೊಲಕ್ಕೆ ಹೋಗಿ ಹತ್ತಿ ಬಿಡಿಸುತ್ತಿದ್ದಳು. ಗುಡ್ಡದ ಬಂಡೆಗಳು ಮಧ್ಯಾಹ್ನ ಕಾಯ್ದು ಕೆಂಪಾಗುತ್ತಿದ್ದವು. ಹೆಸರು ಹೋದದ್ದಕ್ಕೆ ಅವಳಿಗೆ ಅಷ್ಟು ಸಂಕಟವಿರಲಿಲ್ಲ. ಬಸ್ ಸ್ಟ್ಯಾಂಡಿನ ಆ ಮಾತುಗಳನ್ನು ನೆನೆದರೆ ಇನ್ನೂ ಮೈ ಜುಮ್ಮೆನ್ನುತ್ತಿತ್ತು, ಅದೇ ಅವಳನ್ನು ಕೊಲ್ಲುತ್ತಿತ್ತು. ಕಿಟಕಿ ನೋಡಿದ ಆ ಮನುಷ್ಯ, ಬಸ್ಸು ಬಿಟ್ಟು ನಿಂತ ಮನುಷ್ಯ, ಇಬ್ಬರೂ ಒಬ್ಬನೇ ಎಂದು ಅವಳ ಮನಸ್ಸು ಒಪ್ಪುತ್ತಿರಲಿಲ್ಲ.

ಒಂದು ದಿನ ಗಾದೆಮ್ಮ ಬಸ್ಸಿಳಿದು ನೇರ ಹೊಲಕ್ಕೇ ಬಂದಳು.

“ಲೇ ವಿರೂಪಿ, ನಿನ್ನ ಜಾಗಕ್ಕ ಹೊಸಾಕಿನ್ನ ತಂದು ನಿಲ್ಸಿದ್ರು. ನಾವು ಏರಲಿಲ್ಲ.”

“ಏರಲಿಲ್ಲ ಅಂದ್ರ?”

“ಅಂದ್ರ ಏರಲಿಲ್ಲ! ಮೇಷ್ಟ್ರು ಸೀಟಿ ಊದಿ ಊದಿ ಸಾಕಾದ್ರು. ಎಲ್ಲಾರೂ ಕೂಡಿ ದೊಡ್ಡ ಟೀಚರಮ್ಮನ ಮುಂದ ಹೋಗಿ ನಿಂತಿವಿ. ಗಾದಿ ಸರಿಸಿದ್ದು ಯಾರು ಅಂತ ಹೇಳಿದ್ವಿ. ಪಾರಮ್ಮ ಕೈಗೆ ಪಟ್ಟಿ ಕಟಗೊಂಡು ಬಂದು ತಾನಾ ಹೇಳಿದ್ಳು. ಅವರವ್ವ ನಿನ್ನ ಕಾಲಿಗೆ ಬೀಳ್ತೀನಿ ಅಂತ ಅಳ್ತಾಳ. ಸೋಮವಾರ ನೀ ಬರಬೇಕಂತ.”

ವಿರೂಪಮ್ಮ ಹತ್ತಿಯ ಉಡಿಯನ್ನು ಹಾಗೇ ಹಿಡಿದು ಬದುವಿನ ಮೇಲೆ ಕುಳಿತಳು. “ಅವರು?”

“ಯಾರು, ಮೇಷ್ಟ್ರೇನು? ಅವರನ್ನ ತೆಗೆದ್ರು.” ಗಾದೆಮ್ಮ ಗೆಳತಿಯ ಮುಖ ನೋಡಿದಳು, ಆಮೇಲೆ ಮೆಲ್ಲಗೆ ಕೇಳಿದಳು, “ನಿನಗ ಅವರ ಮ್ಯಾಲೆ...?”

ವಿರೂಪಮ್ಮ ಉಡಿಯ ಹತ್ತಿಯಿಂದ ಕಸ ಹೆಕ್ಕತೊಡಗಿದಳು. ಗಾದೆಮ್ಮ ಪಕ್ಕದಲ್ಲಿ ಕುಳಿತು ಭುಜಕ್ಕೆ ಭುಜ ತಾಗಿಸಿದಳು.

ಭಾನುವಾರ ಮರಿಬಸಪ್ಪ ಬಂದ.

ಚಿದಾನಂದಪ್ಪ ಅವನನ್ನು ಜಗಲಿಯ ಮೇಲೆ ಕೂಡಿಸಿ, ಮಜ್ಜಿಗೆ ಕೊಟ್ಟು, ಬೆಳೆ ಮಳೆಯ ಮಾತಾಡಿದ. ಮಗಳ ಮೇಷ್ಟ್ರು ಎಂದು ಅವನಿಗೆ ಸಂಭ್ರಮ. “ವಿರೂಪಾ, ನೋಡವ್ವ, ಯಾರು ಬಂದಾರ,” ಎಂದು ಕೂಗಿ, ಎತ್ತುಗಳಿಗೆ ನೀರು ಕುಡಿಸಲು ಹಿತ್ತಲಿಗೆ ಹೋದ.

ಅವಳು ಬಾಗಿಲ ತೋಳಿಗೆ ಒರಗಿ ನಿಂತಳು. ಅವನು ಸೊರಗಿದ್ದ. ಗಡ್ಡ ಬೆಳೆದಿತ್ತು. ಆ ಮುಖ ಕಂಡೊಡನೆ ಎದೆ ಎಂದಿನಂತೆಯೇ ಹಾರಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಹೆದರಿದೆ, ವಿರೂಪಮ್ಮ,” ಎಂದ ಅವನು. “ಒಳಗ ಹೋಗೋತನಕ ಖರೇ ಹೇಳಬೇಕಂತನಾ ಇತ್ತು. ಆ ಮೇಜು, ಆ ಮಂದಿ ನೋಡಿದ ಕೂಡ್ಲೇ ಮನಿಯಾಗಿನವರು ಕಣ್ಮುಂದ ಬಂದ್ರು. ಬಾಯಾಗ ಬ್ಯಾರೇನಾ ಬಂತು. ನೀ ಮಾತಾಡಂಗಿಲ್ಲ ಅಂತ ಗೊತ್ತಿತ್ತು.”

“ಅದಕ್ಕ ಮಾತು ತಗೊಂಡ್ರೇನ್ರಿ?”

“ಇಲ್ಲ! ದೇವರಾಣಿ, ಅದಕ್ಕಲ್ಲ.” ಅವನು ತಲೆ ತಗ್ಗಿಸಿದ. “ಆದ್ರ ಅದು ನನಗ ಉಪಯೋಗಕ್ಕ ಬಂತು.”

ಅವಳು ಹಿತ್ತಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದಳು. “ಒಂದು ಕೇಳ್ತೀನಿ, ಖರೇ ಹೇಳ್ರಿ. ಹುಡುಗ್ಯಾರು ಬಾಯಿ ಬಿಡದಿದ್ರ ನೀವು ಬರ್ತಿದ್ರೇನ್ರಿ?”

ಹಿತ್ತಲಿನಲ್ಲಿ ಎತ್ತಿನ ಕೊರಳ ಗಂಟೆ ಅಲುಗಿತು. ಮರಿಬಸಪ್ಪ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟ. ಈ ಸಲ ಅವಳ ಕಣ್ಣನ್ನೇ ನೋಡಿದ.

“ಗೊತ್ತಿಲ್ಲ,” ಎಂದ. “ಬರ್ತಿರಲಿಲ್ಲ ಅನಸ್ತೈತಿ.”

ಅವಳ ಕಣ್ಣು ತುಂಬಿದವು. ಬರುತ್ತಿದ್ದೆ ಎಂದು ಸುಳ್ಳು ಹೇಳಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು.

“ಹೊರಡ್ರಿ, ಮೇಷ್ಟ್ರ.”

“ಹಚ್ಚೊಳ್ಳಿ ಕಡಿ ಒಂದು ಸಾಲಿಯಾಗ ಕೆಲಸ ಐತಂತ. ಅಲ್ಲಿ ನೆಲಿ ಆದ ಮ್ಯಾಲೆ, ಒಂದು ವರ್ಷ ಬಿಟ್ಟು, ಮತ್ತ ಬರ್ಲೇನು?”

“ಬ್ಯಾಡ್ರಿ.”

“ಬ್ಯಾಡ ಅಂದ್ರೂ...”

“ಈ ಸಲ ಬ್ಯಾಡ ಅಂದ್ರ ಬ್ಯಾಡ.” ಅವಳು ಕಣ್ಣೊರೆಸಿಕೊಂಡಳು. “ನಿಮ್ಮ ಮ್ಯಾಲೆ ನನಗ ಮನಸಿಲ್ಲ ಅಂತಲ್ಲ. ಅದು ಐತಿ. ಐತಿ ಅಂತನಾ ಅಂಜಿಕಿ. ನಾಳಿ ಮಕ್ಕಳಾಗಿ, ಮನಿಯಾಗ ಒಂದು ಕಷ್ಟ ಬಂದ್ರ, ನೀವು ಯಾ ಕಿಟಕಿ ನೋಡ್ತೀರೋ ಅಂತ ದಿನಾ ಕಾಯಾಕ ನನ್ನಿಂದ ಆಗಂಗಿಲ್ಲ.”

ಅವನು ಎದ್ದ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟಿಕೊಳ್ಳುವಾಗ ಪಟ್ಟಿ ಕೈಗೆ ಸಿಗಲಿಲ್ಲ. ಅವಳು ಬಗ್ಗಿ ನೆರವಾಗಬೇಕೆಂದು ಅರ್ಧ ಹೆಜ್ಜೆ ಮುಂದಿಟ್ಟಳು, ಅಲ್ಲೇ ನಿಂತಳು. ಬೀದಿಯ ತಿರುವಿನವರೆಗೆ ಅವನು ಹಿಂದಿರುಗಿ ನೋಡಲಿಲ್ಲ. ತಿರುವಿನಲ್ಲಿ ನೋಡಿದ. ಅವಳು ಕೈ ಜೋಡಿಸಿದಳು. ಅವನೂ ಜೋಡಿಸಿ ಮರೆಯಾದ.

ಚಿದಾನಂದಪ್ಪ ಕೈ ಒರೆಸುತ್ತ ಬಂದ. “ಹೋದ್ರೇನು? ಉಂಡು ಹೋಗ್ರಿ ಅನ್ನಬಾರದೇನವ್ವ? ಏನ್ ಕೆಲಸಿತ್ತಂತ?”

“ನನ್ನ ಕೇಳಾಕ ಬಂದಿದ್ರಪ್ಪ. ನಾ ಒಲ್ಲೆ ಅಂದೆ.”

ಅಪ್ಪ ಗಾಬರಿಯಿಂದ ಬೀದಿ ನೋಡಿದ, ಮಗಳನ್ನು ನೋಡಿದ. “ಯಾಕವ್ವ? ಭಾಳ ಒಳ್ಳೇರಂಗ ಕಾಣಿಸಿದ್ರಲ್ಲ.”

“ಹೌದಪ್ಪ,” ಎಂದಳು ವಿರೂಪಮ್ಮ, ಖಾಲಿ ಲೋಟ ಎತ್ತಿಕೊಳ್ಳುತ್ತ. “ನನಗೂ ಹಂಗಾ ಕಾಣಿಸಿದ್ರು.”